ಊರು ಬದಲಾದರೆ ಓದು ನಿಲ್ಲಬೇಕೆ?

ಪ್ರತಿ ವರ್ಷ ಜೂನ್ ತಿಂಗಳಿನಲ್ಲಿ ಶಾಲೆಯ ಬಾಗಿಲು ತೆರೆದ ಕೆಲವೇ ದಿನಗಳಲ್ಲಿ ನಮ್ಮ ಭಾಗದ ಶಾಲೆಗಳ ಕಚೇರಿಯ ಮುಂದೆ ಹೊಸ ಮುಖಗಳು ಕಾಣಿಸಿಕೊಳ್ಳುತ್ತವೆ. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ ಮಡಿಸಿಟ್ಟ ಕಾಗದಗಳು, ಪಕ್ಕದಲ್ಲಿ ತಲೆ ತಗ್ಗಿಸಿ ನಿಂತ ಮಗ ಅಥವಾ ಮಗಳು. "ಮೇಷ್ಟ್ರೇ, ನಾವು ಈ ಊರಿಗೆ ಹೊಸಬರು. ಮಗೀಗೆ ಒಂದು ಸೀಟು ಬೇಕಿತ್ತು" ಎಂದು ಮಾತು ಆರಂಭವಾಗುತ್ತದೆ.

ನಮ್ಮ ಬೇರಿಕೆ ಗಡಿಯ ಅಂಚಿನ ಊರು. ಉತ್ತರಕ್ಕೆ ಸ್ವಲ್ಪ ದೂರ ಹೋದರೆ ಮಾಸ್ತಿ, ಕರ್ನಾಟಕದ ಮಾಲೂರು ತಾಲ್ಲೂಕು. ಇತ್ತ ಬಾಗಲೂರು, ಹೊಸೂರು. ಅತ್ತ ಶೂಲಗಿರಿ, ಕೃಷ್ಣಗಿರಿ. ಗುಲಾಬಿ ತೋಟದ ಕೆಲಸಕ್ಕೆಂದು ಬರುವವರುಂಟು. ಹೊಸೂರಿನ ಕಾರ್ಖಾನೆಗಳನ್ನು ನಂಬಿ ಬರುವವರುಂಟು. ಗಂಡನನ್ನು ಕಳೆದುಕೊಂಡು ಮಕ್ಕಳೊಡನೆ ತವರಿಗೆ ಮರಳುವ ತಾಯಂದಿರೂ ಉಂಟು. ಹಾಗೆಯೇ ಇಲ್ಲಿಂದ ಮಾಲೂರಿಗೂ ಬೆಂಗಳೂರಿಗೂ ಹೋಗುವವರು ಅನೇಕರು. ಹಿರಿಯರಿಗೆ ಇದು ಹತ್ತಿಪ್ಪತ್ತು ಮೈಲಿಗಳ ಪ್ರಯಾಣ ಮಾತ್ರ. ಆದರೆ ಹೈಸ್ಕೂಲಿನಲ್ಲಿ ಓದುವ ಮಗುವಿಗೆ ಅದು ಒಂದು ಶಿಕ್ಷಣ ಪದ್ಧತಿಯನ್ನು ಬಿಟ್ಟು ಇನ್ನೊಂದನ್ನು ಸೇರುವ ಪ್ರಯಾಣ. ಇದನ್ನು ಮೊದಲೇ ತಿಳಿದಿದ್ದರೆ ಅನೇಕ ಮಕ್ಕಳ ಒಂದೊಂದು ವರ್ಷ ಉಳಿಯುತ್ತದೆ. ಅದಕ್ಕಾಗಿಯೇ ಈ ಲೇಖನ.

ಕೆಲವು ವರ್ಷಗಳ ಹಿಂದೆ ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ. ಮಾಲೂರಿನ ಕಡೆ ಇಟ್ಟಿಗೆ ಗೂಡಿನಲ್ಲಿ ದುಡಿಯುತ್ತಿದ್ದ ಒಂದು ಕುಟುಂಬ ಈ ಕಡೆಯ ತೋಟದ ಕೆಲಸಕ್ಕೆ ಬಂದಿತು. ಹಿರಿಯ ಮಗಳು ಅಲ್ಲಿ 8ನೇ ತರಗತಿ ಮುಗಿಸಿದ್ದಳು. ಜುಲೈ ತಿಂಗಳಲ್ಲಿ ತಂದೆ ಅವಳನ್ನು ಒಂದು ಶಾಲೆಗೆ ಕರೆದುಕೊಂಡು ಹೋದರು. ವರ್ಗಾವಣೆ ಪತ್ರದಲ್ಲಿ ಅಧಿಕಾರಿಯ ಮೇಲುರುಜು ಇಲ್ಲ ಎಂದು ಹೇಳಿ ಕಳುಹಿಸಿದರು. ಒಂದು ದಿನದ ಕೂಲಿ ಬಿಟ್ಟು ಆತ ಹಳೆಯ ಊರಿಗೆ ಹೋದರು. ಅಂದು ಸಾಹೇಬರು ಇರಲಿಲ್ಲ. ಮತ್ತೊಂದು ದಿನ ಹೋಗಿ ರುಜು ಮಾಡಿಸಿಕೊಂಡು ಬಂದರೆ, ಆಧಾರ್ ಕಾರ್ಡಿನಲ್ಲಿ ಹೆಸರು ಒಂದು ಬಗೆ, ಪತ್ರದಲ್ಲಿ ಇನ್ನೊಂದು ಬಗೆ. ಮೂರನೆಯ ಸಲ ಹೋಗಿ ಬರುವ ವೇಳೆಗೆ ಸೆಪ್ಟೆಂಬರಿನ ಪರೀಕ್ಷೆ ಮುಗಿದಿತ್ತು. "ಇನ್ನು ಬರುವ ವರ್ಷ ನೋಡೋಣ" ಎಂಬ ಮಾತು ಬಂತು. ಹುಡುಗಿ ಆ ವರ್ಷವೆಲ್ಲ ತಾಯಿಯೊಡನೆ ಹೂ ಕೀಳುತ್ತಿದ್ದಳು. ಮುಂದಿನ ಜೂನ್‌ನಲ್ಲಿ ಆಕೆಯನ್ನು 9ನೇ ತರಗತಿಗೆ ಸೇರಿಸಲು ಮನೆಯವರನ್ನು ಒಪ್ಪಿಸುವುದೇ ಕಷ್ಟವಾಯಿತು. "ಕೂಲಿ ಬರ್ತಾ ಇದೆಯಲ್ಲ ಮೇಷ್ಟ್ರೇ, ಇನ್ನೇನು ಓದು" ಎಂದರು ತಂದೆ. ಕಡೆಗೆ ಅವಳು ಸೇರಿದಳು, ಓದಿದಳು. ಆದರೆ ಹೀಗೆ ನಿಂತವರೆಲ್ಲ ಮರಳಿ ಬರುವುದಿಲ್ಲ.

ಇಲ್ಲಿ ಯಾರೊಬ್ಬರೂ ಕೆಟ್ಟವರಲ್ಲ. ತಂದೆಗೆ ನಿಯಮ ತಿಳಿದಿರಲಿಲ್ಲ. ಕಚೇರಿಯವರು ನಿಯಮವನ್ನಷ್ಟೇ ನೋಡಿದರು. ನಡುವೆ ಒಂದು ವರ್ಷ ಹೋಯಿತು.

ಎರಡು ರಾಜ್ಯ, ಎರಡು ಏಣಿ

ಮೊದಲು ತಿಳಿಯಬೇಕಾದುದು ಎರಡು ರಾಜ್ಯಗಳ ತರಗತಿಗಳ ವಿಂಗಡಣೆ. ಕರ್ನಾಟಕದಲ್ಲಿ ಹೈಸ್ಕೂಲೆಂದರೆ 8ರಿಂದ 10ನೇ ತರಗತಿ. ಹಿರಿಯ ಪ್ರಾಥಮಿಕ ಶಾಲೆ ಸಾಮಾನ್ಯವಾಗಿ 7ಕ್ಕೆ, ಕೆಲವು ಕಡೆ 8ಕ್ಕೆ ಮುಗಿಯುತ್ತದೆ. ತಮಿಳುನಾಡಿನಲ್ಲಿ ಪ್ರಾಥಮಿಕ ಶಾಲೆ 5ಕ್ಕೆ, ಮಾಧ್ಯಮಿಕ ಶಾಲೆ 8ಕ್ಕೆ ಮುಗಿಯುತ್ತದೆ. ಹೈಸ್ಕೂಲು ಎಂಬುದರಲ್ಲಿ 6ರಿಂದ 10ರವರೆಗೂ, ಹೈಯರ್ ಸೆಕೆಂಡರಿ ಶಾಲೆಯಲ್ಲಿ 6ರಿಂದ 12ರವರೆಗೂ ತರಗತಿಗಳಿರುತ್ತವೆ.

ಇದರಿಂದ ಏನಾಗುತ್ತದೆಂದರೆ, ತಮಿಳುನಾಡಿನ ಹೈಸ್ಕೂಲುಗಳಲ್ಲಿ ಹೊಸ ಮಕ್ಕಳು ಗುಂಪಾಗಿ ಸೇರುವುದು 6ನೇ ಮತ್ತು 9ನೇ ತರಗತಿಗಳಲ್ಲಿ. ಕರ್ನಾಟಕದಲ್ಲಿ 8ನೇ ತರಗತಿಯಲ್ಲಿ. ಮನೆ ಬದಲಿಸುವ ವರ್ಷ ನಮ್ಮ ಕೈಯಲ್ಲಿದ್ದರೆ ಈ ತಿರುವುಗಳನ್ನು ನೋಡಿಕೊಂಡು ಹೊರಡುವುದು ಒಳ್ಳೆಯದು. ಅಂಥ ತರಗತಿಯಲ್ಲಿ ಎಲ್ಲರೂ ಹೊಸಬರೇ. ಆಗ ಮಗು ಒಂಟಿಯಾಗುವುದಿಲ್ಲ.

10ನೇ ತರಗತಿಯ ನಡುವೆ ಮಾತ್ರ ಸಾಧ್ಯವಾದಷ್ಟೂ ಶಾಲೆ ಬದಲಿಸಬಾರದು. ಎರಡೂ ರಾಜ್ಯಗಳಲ್ಲಿ ಸಾರ್ವಜನಿಕ ಪರೀಕ್ಷೆಗೆ ಕೂರುವವರ ಹೆಸರುಗಳ ಪಟ್ಟಿ ಪರೀಕ್ಷೆಗೆ ತಿಂಗಳುಗಟ್ಟಲೆ ಮೊದಲೇ ಇಲಾಖೆಗೆ ಹೋಗಿರುತ್ತದೆ. ಪಠ್ಯಪುಸ್ತಕಗಳೂ ಪ್ರಶ್ನೆಪತ್ರಿಕೆಗಳೂ ಬೇರೆ ಬೇರೆ. ಆ ಒಂದು ವರ್ಷ ಮಗುವನ್ನು ಅಜ್ಜಿಯ ಮನೆಯಲ್ಲೋ, ಸೋದರಮಾವನ ಮನೆಯಲ್ಲೋ, ಸರ್ಕಾರಿ ವಿದ್ಯಾರ್ಥಿನಿಲಯದಲ್ಲೋ ಬಿಟ್ಟು ಪರೀಕ್ಷೆ ಮುಗಿಸಿಕೊಂಡು ಕರೆತರುವುದು ಜಾಣತನ.

ಕಾಗದಪತ್ರಗಳು

ಹಳೆಯ ಊರನ್ನು ಬಿಡುವ ಮೊದಲೇ ಮಾಡಬೇಕಾದ ಕೆಲಸಗಳು ಇವು.

ಮೊದಲನೆಯದು, ವರ್ಗಾವಣೆ ಪತ್ರ, ಅಂದರೆ ಟಿ.ಸಿ. ರಾಜ್ಯ ದಾಟುವುದಾದರೆ ಅದಕ್ಕೆ ಶಿಕ್ಷಣಾಧಿಕಾರಿಯವರ ಮೇಲುರುಜು ಕೇಳುವುದು ವಾಡಿಕೆ. ಕರ್ನಾಟಕದಿಂದ ಬರುವವರು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ, ಇಲ್ಲಿಂದ ಹೋಗುವವರು ಮುಖ್ಯೋಪಾಧ್ಯಾಯರನ್ನು ಕೇಳಿ ತಮಿಳುನಾಡು ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ಇದನ್ನು ಮಾಡಿಸಿಕೊಳ್ಳಬೇಕು. ಸಾಮಾನು ಕಟ್ಟುವ ಮೊದಲು ಮಾಡಿಸಿದರೆ ಅರ್ಧ ದಿನದ ಕೆಲಸ. ಹೊಸ ಊರು ಸೇರಿದ ಮೇಲಾದರೆ ಎಷ್ಟು ದಿನವೆಂದು ಮೇಲಿನ ಪ್ರಸಂಗದಲ್ಲಿ ನೋಡಿದಿರಿ.

ಎರಡನೆಯದು, ಹೆಸರು. ನಮ್ಮಲ್ಲಿ ಇನಿಷಿಯಲ್ ಬರೆಯುವ ರೀತಿಯೇ ಎರಡು. ಕರ್ನಾಟಕದಲ್ಲಿ "ಮಂಜುನಾಥ ಎಂ." ಎಂದು ಬರೆದುದು ತಮಿಳುನಾಡಿನಲ್ಲಿ "ಎಂ. ಮಂಜುನಾಥ್" ಆಗುತ್ತದೆ. ಇಂಗ್ಲಿಷ್ ಕಾಗುಣಿತದಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದರೂ ಕಂಪ್ಯೂಟರು ಒಪ್ಪುವುದಿಲ್ಲ. ಜನನ ಪತ್ರ, ಆಧಾರ್, ವರ್ಗಾವಣೆ ಪತ್ರ ಈ ಮೂರರಲ್ಲಿಯೂ ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕ ಒಂದೇ ಆಗಿವೆಯೇ ಎಂದು ಮನೆಯಲ್ಲಿಯೇ ಕುಳಿತು ತಾಳೆ ನೋಡಬೇಕು. ಕಾಗದಗಳನ್ನು ಓದಲು ಬಾರದ ತಂದೆತಾಯಿಗಳಿಗೆ ಈ ಕೆಲಸವನ್ನು ಮಕ್ಕಳೇ ಮಾಡಿಕೊಡಬಹುದು.

ಮೂರನೆಯದು, ವಿದ್ಯಾರ್ಥಿಯ ಗುರುತಿನ ಸಂಖ್ಯೆ. ತಮಿಳುನಾಡಿನಲ್ಲಿ 'ಎಮಿಸ್', ಕರ್ನಾಟಕದಲ್ಲಿ 'ಸ್ಯಾಟ್ಸ್' ಎಂಬ ದಾಖಲೆಗಳಲ್ಲಿ ಪ್ರತಿ ವಿದ್ಯಾರ್ಥಿಗೂ ಒಂದು ಸಂಖ್ಯೆ ಇದೆ. ಹಳೆಯ ಶಾಲೆಯವರು ಮಗುವಿನ ಹೆಸರನ್ನು ತಮ್ಮ ದಾಖಲೆಯಿಂದ ಬಿಡುಗಡೆ ಮಾಡದಿದ್ದರೆ ಹೊಸ ಶಾಲೆಯಲ್ಲಿ ತೊಡಕಾಗುತ್ತದೆ. "ನಮ್ಮ ಮಗೂನ ಕಂಪ್ಯೂಟರಿನಲ್ಲಿ ಬಿಡುಗಡೆ ಮಾಡಿದ್ದೀರಾ ಸಾರ್?" ಎಂದು ಕೇಳಿ ಬರಲು ಮರೆಯಬಾರದು.

ನಾಲ್ಕನೆಯದು, ಜಾತಿ ಪ್ರಮಾಣಪತ್ರ. ಎರಡು ರಾಜ್ಯಗಳ ಪಟ್ಟಿಗಳು ಒಂದೇ ಅಲ್ಲ. ಒಂದು ಕಡೆಯ ಪ್ರಮಾಣಪತ್ರದಿಂದ ಇನ್ನೊಂದು ಕಡೆ ವಿದ್ಯಾರ್ಥಿವೇತನ ಸಿಗುವುದೆಂದು ತಿಳಿಯಬಾರದು. ಇದನ್ನು ಕಂದಾಯ ಇಲಾಖೆಯಲ್ಲಿ ಪ್ರತ್ಯೇಕವಾಗಿ ವಿಚಾರಿಸಬೇಕು. ಆದರೆ ಅದು ಕೈಗೆ ಬರುವ ತನಕ ಮಗುವನ್ನು ಮನೆಯಲ್ಲಿ ಕೂರಿಸುವ ಅಗತ್ಯವಿಲ್ಲ.

ಕಾನೂನು ಏನು ಹೇಳುತ್ತದೆ?

2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ 6ರಿಂದ 14 ವರ್ಷದ ಮಕ್ಕಳಿಗೆ, 8ನೇ ತರಗತಿಯವರೆಗೆ ಅನ್ವಯಿಸುತ್ತದೆ. ಅದರ 5ನೇ ವಿಧಿಯಂತೆ ಮಗುವಿಗೆ ರಾಜ್ಯದ ಒಳಗೆ ಅಥವಾ ಹೊರಗೆ ಬೇರೊಂದು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗವಾಗುವ ಹಕ್ಕಿದೆ. ಹಳೆಯ ಶಾಲೆಯ ಮುಖ್ಯಸ್ಥರು ವರ್ಗಾವಣೆ ಪತ್ರವನ್ನು ಕೂಡಲೇ ಕೊಡಬೇಕು. ಆ ಪತ್ರ ಬರುವುದು ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆಯವರು ಸೇರಿಸಿಕೊಳ್ಳುವುದನ್ನು ತಡ ಮಾಡುವಂತಿಲ್ಲ, ನಿರಾಕರಿಸುವಂತೆಯೂ ಇಲ್ಲ. ಓದು ನಡುವೆ ನಿಂತುಹೋದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕೆಂದು 4ನೇ ವಿಧಿ ಹೇಳುತ್ತದೆ.

ಆದರೆ 9ನೇ ತರಗತಿಗೆ ಬಂದೊಡನೆ ಈ ರಕ್ಷಣೆ ಮುಗಿಯುತ್ತದೆ. ಮೇಲೆ ಹೇಳಿದ ಹುಡುಗಿ ಒಂದು ವರ್ಷ ಮೊದಲು ಬಂದಿದ್ದರೆ ಕಾನೂನು ಅವಳ ಕೈ ಹಿಡಿಯುತ್ತಿತ್ತು. ಆದ್ದರಿಂದ 9 ಮತ್ತು 10ನೇ ತರಗತಿಯ ಮಕ್ಕಳ ತಂದೆತಾಯಿಗಳು ಕಾಗದಗಳ ವಿಷಯದಲ್ಲಿ ಇಮ್ಮಡಿ ಎಚ್ಚರ ವಹಿಸಬೇಕು. ಏನಾದರೂ ಕೊರತೆ ಇದ್ದರೆ ಬಾಯಿಮಾತಿನಲ್ಲಿ ಕೇಳಿ ಹಿಂದಿರುಗಬಾರದು. "ಕೊರತೆಯ ಪತ್ರವನ್ನು ಇಷ್ಟು ದಿನದೊಳಗೆ ತಂದುಕೊಡುತ್ತೇವೆ; ಅಲ್ಲಿಯವರೆಗೆ ತರಗತಿಯಲ್ಲಿ ಕೂರಲು ಅನುಮತಿ ಕೊಡಬೇಕು" ಎಂದು ಮುಖ್ಯೋಪಾಧ್ಯಾಯರಿಗೆ ಅರ್ಜಿ ಬರೆದುಕೊಡಬೇಕು. ಅಲ್ಲಿಯೂ ಆಗದಿದ್ದರೆ ಜಿಲ್ಲಾ ಶಿಕ್ಷಣಾಧಿಕಾರಿಗಳನ್ನು ಕಾಣಬೇಕು. ಬರೆದ ಅರ್ಜಿಗೆ ಇರುವ ಬಲ ಬಾಯಿಮಾತಿಗೆ ಇಲ್ಲ.

ಭಾಷೆಯ ಪ್ರಶ್ನೆ

ಸೀಟು ಸಿಕ್ಕಿತು ಎಂದಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಯಾವ ಮಾಧ್ಯಮ, ಯಾವ ಭಾಷೆ ಎಂಬುದು ನಮ್ಮ ಕಡೆ ಇನ್ನೂ ದೊಡ್ಡ ಪ್ರಶ್ನೆ. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳಾದಾಗ ಹೊಸೂರು ಭಾಗ ಅಂದಿನ ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಆಗ ಸೇಲಂ ಜಿಲ್ಲೆ. 1965ರಿಂದ ಧರ್ಮಪುರಿ ಜಿಲ್ಲೆ. 2004ರಿಂದ ಕೃಷ್ಣಗಿರಿ ಜಿಲ್ಲೆ. ಜಿಲ್ಲೆಯ ಹೆಸರು ಬದಲಾದರೂ ಮನೆಗಳಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ಎಲ್ಲವೂ ಉಳಿದುಕೊಂಡಿವೆ.

ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಒದಗಿಸಬೇಕೆಂದು ಸಂವಿಧಾನದ 350-ಎ ವಿಧಿ ಹೇಳುತ್ತದೆ. ಹೈಸ್ಕೂಲಿನ ಮಟ್ಟಿಗೆ 1961ರ ಮುಖ್ಯಮಂತ್ರಿಗಳ ಸಭೆಯ ಕಾಲದಲ್ಲಿ ರಾಜ್ಯಗಳು ಒಪ್ಪಿದ ಒಂದು ಲೆಕ್ಕವಿದೆ: ಕೊನೆಯ ನಾಲ್ಕು ತರಗತಿಗಳಲ್ಲಿ ಒಟ್ಟು 60 ಮಕ್ಕಳು, ಒಂದೊಂದು ತರಗತಿಯಲ್ಲಿ 15 ಮಕ್ಕಳು ಇದ್ದರೆ ಅವರ ಭಾಷೆಯಲ್ಲಿ ಪಾಠ ಹೇಳುವ ಏರ್ಪಾಡು ಮಾಡಬೇಕು. ಇದು ಸರ್ಕಾರಗಳು ಒಪ್ಪಿದ ನೀತಿಯೇ ಹೊರತು ಶಾಸನವಲ್ಲ. ಆದರೂ ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ: ತರಗತಿ ಉಳಿಯುವುದು ಮಕ್ಕಳ ಸಂಖ್ಯೆಯಿಂದ. ಹದಿನಾಲ್ಕು ಮಕ್ಕಳಿರುವ ತರಗತಿಗೆ ಹೊಸದಾಗಿ ಸೇರುವ ಒಂದು ಮಗು ತಾನು ಓದುವುದಲ್ಲದೆ ಉಳಿದ ಹದಿನಾಲ್ವರ ತರಗತಿಯನ್ನೂ ಎತ್ತಿ ಹಿಡಿಯುತ್ತದೆ. ಹೊಸದಾಗಿ ಬಂದ ಕುಟುಂಬಕ್ಕೆ "ಇಲ್ಲಿ ಕನ್ನಡ ತರಗತಿ ಇದೆ" ಎಂದು ತಿಳಿಸುವುದು ಊರಿನವರೆಲ್ಲರ ಕೆಲಸ.

ಇನ್ನು ತಮಿಳಿನ ವಿಷಯ. ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯಿದೆಯಂತೆ ಒಂದನೇ ತರಗತಿಯಿಂದ ಹಂತಹಂತವಾಗಿ ತಮಿಳು ಕಡ್ಡಾಯವಾಯಿತು. 2015-16ರಲ್ಲಿ ಅದು 10ನೇ ತರಗತಿಯನ್ನು ಮುಟ್ಟಿತು. ಭಾಷಾ ಅಲ್ಪಸಂಖ್ಯಾತ ಶಾಲೆಗಳ ಮಕ್ಕಳಿಗೆ ಕೆಲವು ವರ್ಷ ನ್ಯಾಯಾಲಯದ ಆದೇಶದಿಂದ ವಿನಾಯಿತಿ ದೊರೆಯಿತು; 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಆ ವರ್ಷದ ಪರೀಕ್ಷೆಗೆ ವಿನಾಯಿತಿ ನೀಡಿತು. ಹೀಗೆ ವರ್ಷ ವರ್ಷದ ಆದೇಶವನ್ನು ನಂಬಿ ಕೂರಲಾಗದು. ಕರ್ನಾಟಕದಿಂದ ಬಂದ ಮಗುವಿಗೆ 10ನೇ ತರಗತಿಯಲ್ಲಿ ತಮಿಳು ಪತ್ರಿಕೆ ಬರೆಯಬೇಕಾಗುವುದೇ, ಕನ್ನಡವನ್ನು ಯಾವ ಭಾಗದಲ್ಲಿ ಬರೆಯುವುದು, ವಿನಾಯಿತಿ ಕೇಳಬೇಕಾದರೆ ಎಂದು ಅರ್ಜಿ ಹಾಕಬೇಕು ಎಂಬುದನ್ನು ಸೇರುವ ದಿನವೇ ಮುಖ್ಯೋಪಾಧ್ಯಾಯರಿಂದ ತಿಳಿದುಕೊಳ್ಳಬೇಕು. ಅದೇ ದಿನದಿಂದ ತಮಿಳು ಅಕ್ಷರಗಳನ್ನು ಕಲಿಯಲು ಆರಂಭಿಸಬೇಕು. ಬೀದಿಯಲ್ಲಿ, ಬಸ್ಸಿನಲ್ಲಿ, ಅಂಗಡಿಯಲ್ಲಿ ಕಣ್ಣಿಗೆ ಬೀಳುವ ಬೋರ್ಡುಗಳೇ ಮೊದಲ ಪಾಠ. ಇನ್ನೊಂದು ಭಾಷೆ ಕಲಿತರೆ ಕನ್ನಡಕ್ಕೆ ನಷ್ಟವಿಲ್ಲ.

ಇಲ್ಲಿಂದ ಕರ್ನಾಟಕಕ್ಕೆ ಹೋಗುವವರಿಗೆ ಬೇರೆ ತೊಡಕು. 1968ರಿಂದ ತಮಿಳುನಾಡಿನಲ್ಲಿ ದ್ವಿಭಾಷಾ ನೀತಿ ಇರುವುದರಿಂದ ನಮ್ಮ ಮಕ್ಕಳು ಶಾಲೆಯಲ್ಲಿ ಹಿಂದಿ ಓದಿರುವುದಿಲ್ಲ. ಕರ್ನಾಟಕದ ಹೈಸ್ಕೂಲುಗಳಲ್ಲಿ ಮೂರು ಭಾಷೆಗಳ ಪದ್ಧತಿ ಬೆಳೆದುಬಂದಿದೆ. ಮೂರನೆಯದಾಗಿ ಹಿಂದಿಯನ್ನು ಓದುವವರೇ ಹೆಚ್ಚು. ಹೋಗುವ ಮೊದಲು ಆ ಶಾಲೆಯಲ್ಲಿ ಮೂರನೆಯ ಭಾಷೆ ಯಾವುದೆಂದು ಕೇಳಿ, ಬೇಸಿಗೆ ರಜೆಯಲ್ಲಿ ಅದರ ಅಕ್ಷರಗಳನ್ನಾದರೂ ಕಲಿತಿರುವುದು ಒಳಿತು.

ವಿದ್ಯಾರ್ಥಿಗಳಿಗೆ ಒಂದು ಮಾತು

ವಿದ್ಯಾರ್ಥಿ ಮಿತ್ರರೇ, ನಿಮ್ಮ ತರಗತಿಗೆ ನಡುವೆ ಒಬ್ಬ ಹೊಸ ಹುಡುಗ ಬಂದರೆ ಅವನಿಗೆ ಮೊದಲು ಬೇಕಾದುದು ಪಕ್ಕದಲ್ಲಿ ಕೂರಲು ಜಾಗ. ಎರಡನೆಯದು, ಅವನು ಬರುವ ಮೊದಲು ಆಗಿಹೋದ ಪಾಠಗಳ ನೋಟ್ಸು. ಅವನ ಮಾತಿನ ಧಾಟಿ ಬೇರೆಯಾದರೆ ನಗಬೇಡಿ. ನಾಳೆ ನೀವೂ ಇನ್ನೊಂದು ಊರಿನ ಶಾಲೆಯ ಬಾಗಿಲಲ್ಲಿ ನಿಲ್ಲಬೇಕಾಗಬಹುದು.

ಓದಿಗಾಗಿ ಊರು ಬಿಟ್ಟವರು ನಮ್ಮ ನೆಲದಲ್ಲಿ ಹಿಂದೆಯೂ ಇದ್ದರು. ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ಬಾಲಕನೊಬ್ಬನ ಮನೆಯವರು ಅವನಿಗೆ ಸುಮಾರು ಐದು ವರ್ಷವಾಗಿದ್ದಾಗ ಹೊಸೂರಿಗೆ ಬಂದು ನೆಲೆಸಿದರು. ಅವನು ಅಲ್ಲಿಯ ಸರ್ಕಾರಿ ಶಾಲೆಯಲ್ಲಿ ಓದಿ, ಮದರಾಸು ಪ್ರಾಂತವನ್ನು ದಾಟಿ ಮೈಸೂರು ಸಂಸ್ಥಾನದ ಬೆಂಗಳೂರಿಗೆ ಹೋಗಿ ಸೆಂಟ್ರಲ್ ಕಾಲೇಜನ್ನು ಸೇರಿದನು. ಆ ಬಾಲಕನೇ ಮುಂದೆ 1948ರಲ್ಲಿ ಭಾರತದ ಗವರ್ನರ್ ಜನರಲ್ ಆದ ಚಕ್ರವರ್ತಿ ರಾಜಗೋಪಾಲಾಚಾರಿಯವರು. ಎಲ್ಲರೂ ರಾಜಾಜಿಯವರಾಗಬೇಕಿಲ್ಲ. ಆದರೆ ಊರು ಬದಲಾದ ಕಾರಣಕ್ಕೆ ಯಾವ ಮಗುವಿನ ಓದೂ ನಿಲ್ಲಬಾರದು.

ಪೋಷಕರಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ಹೊಸ ಊರಿನಲ್ಲಿ ಬಾಡಿಗೆ ಮನೆ ಹುಡುಕುವ ದಿನವೇ ಶಾಲೆಯನ್ನೂ ಹುಡುಕಿ. ಮನೆಗೆ ಮುಂಗಡ ಕೊಡುವ ಮೊದಲು ಒಮ್ಮೆ ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯರನ್ನು ಕಂಡು ಬನ್ನಿ.