ಗೆದ್ದ ಸರಕು, ಸೋತ ಲೆಕ್ಕ: ವಿಡಿಯೊ ಗೇಮ್ ಯಂತ್ರಗಳ ವ್ಯಾಪಾರ

ಜಪಾನಿನ ಸೆಗಾ ಕಂಪನಿಯು ‘ಡ್ರೀಮ್‌ಕಾಸ್ಟ್’ ಎಂಬ ವಿಡಿಯೊ ಗೇಮ್ ಯಂತ್ರವನ್ನು 1999ರ ಸೆಪ್ಟೆಂಬರ್ 9ರಂದು ಅಮೆರಿಕದ ಮಾರುಕಟ್ಟೆಗೆ ಬಿಡುಗಡೆ ಮಾಡಿತು. ಬೆಲೆ 199 ಡಾಲರ್. ಮೊದಲ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಯಂತ್ರ, ಆಟ ಎಲ್ಲವೂ ಸೇರಿ ನಡೆದ ವಹಿವಾಟು ಸುಮಾರು 9 ಕೋಟಿ 80 ಲಕ್ಷ ಡಾಲರ್. ಯಾವ ವ್ಯಾಪಾರಿಗೆ ತಾನೆ ಇಂತಹ ದಿನ ಬೇಡ? ಆದರೆ ಹದಿನೇಳು ತಿಂಗಳು ತುಂಬುವ ಮೊದಲೇ, 2001ರ ಜನವರಿ 31ರಂದು, ಆ ಯಂತ್ರದ ತಯಾರಿಕೆಯನ್ನು ನಿಲ್ಲಿಸುವುದಾಗಿ ಅದೇ ಕಂಪನಿಯು ಪ್ರಕಟಿಸಿತು. ಆ ಮಾರ್ಚಿಗೆ ಮುಗಿದ ಲೆಕ್ಕ ವರ್ಷದಲ್ಲಿ ಸೆಗಾದ ನಿವ್ವಳ ನಷ್ಟ ಸುಮಾರು 5,170 ಕೋಟಿ ಯೆನ್. ಜಗತ್ತಿನಾದ್ಯಂತ ಮಾರಾಟವಾದ ಯಂತ್ರಗಳಾದರೋ 90 ಲಕ್ಷಕ್ಕೂ ಮೇಲ್ಪಟ್ಟು.

ಸರಕು ಮಾರಾಟವಾಗದೆ ಮುಳುಗಿದ ಅಂಗಡಿಗಳನ್ನು ನಾವೆಲ್ಲರೂ ಕಂಡಿದ್ದೇವೆ. ಸರಕು ಮಾರಾಟವಾಗುತ್ತಲೇ ಮುಳುಗುವುದು ಹೇಗೆಂಬುದು ಬೇರೆಯೇ ಪ್ರಶ್ನೆ. ಮಕ್ಕಳ ಆಟಿಕೆಯ ವಿಷಯಕ್ಕೆ ಈ ಪತ್ರಿಕೆಯಲ್ಲೇನು ಕೆಲಸವೆಂದು ಹಿರಿಯ ಸದಸ್ಯರು ಹುಬ್ಬೇರಿಸಬಹುದು. ಅಸಲಿಗಿಂತ ಕಡಿಮೆ ಬೆಲೆಗೆ ಮಾರಿ ಮುಂದೆ ಗಳಿಸುವೆನೆಂಬ ಲೆಕ್ಕಾಚಾರವನ್ನು ಈ ಉದ್ಯಮದಷ್ಟು ದೊಡ್ಡ ಪ್ರಮಾಣದಲ್ಲಿ ನಡೆಸಿದವರು ವಿರಳ. ಅದರ ಫಲವೂ ವಾರ್ಷಿಕ ವರದಿಗಳಲ್ಲಿ ಬಹಿರಂಗವಾಗಿಯೇ ಇದೆ.

ಈ ವ್ಯಾಪಾರದ ರೀತಿ ಹೀಗೆ: ಯಂತ್ರವನ್ನು ಅಸಲಿಗೆ, ಇಲ್ಲವೇ ಅದಕ್ಕೂ ಕಡಿಮೆಗೆ ಮಾರುವುದು, ಬಳಿಕ ಆ ಯಂತ್ರದಲ್ಲಿ ಆಡುವ ಆಟಗಳಿಂದ ಗಳಿಸುವುದು. ಆಟಗಳನ್ನು ಯಂತ್ರದ ಕಂಪನಿಯೇ ರಚಿಸಬಹುದು. ಬೇರೆಯವರು ರಚಿಸಿದರೆ ಪ್ರತಿಯೊಂದಕ್ಕೂ ಯಂತ್ರದ ಕಂಪನಿಗೆ ರಾಯಧನ ಸಲ್ಲಬೇಕು. ಅಗ್ಗದ ಪ್ರಿಂಟರ್ ಕೊಂಡು ಕಾರ್ಟ್ರಿಜ್‌ಗೆ ದುಬಾರಿ ಬೆಲೆ ತೆತ್ತವರಿಗೆ ಇದನ್ನು ವಿವರಿಸಬೇಕಿಲ್ಲ.

ಇಲ್ಲಿ ಎಲ್ಲವೂ ನಿಂತಿರುವುದು ಎರಡನೆಯ ಮಾರಾಟದ ಮೇಲೆ. ಆ ಮಾರಾಟ ತನ್ನ ಕೈಯಲ್ಲೇ ಉಳಿಯುವುದೆಂಬ ಭರವಸೆ ಏನು? ಅಮೆರಿಕದ ಅಟಾರಿ ಕಂಪನಿಯು ಈ ಪ್ರಶ್ನೆಗೆ ಉತ್ತರ ಹುಡುಕಿರಲಿಲ್ಲ. ಅದನ್ನು ತೊರೆದ ಆಟ ರಚನಕಾರರು 1979ರಲ್ಲಿ ಆ್ಯಕ್ಟಿವಿಷನ್ ಎಂಬ ಸಂಸ್ಥೆ ಕಟ್ಟಿ, ಅಟಾರಿಯ ಯಂತ್ರಕ್ಕೆ ತಾವೇ ಆಟಗಳನ್ನು ತಯಾರಿಸಿ ಮಾರತೊಡಗಿದರು. ಅವರ ಹಿಂದೆ ಇನ್ನೂ ಅನೇಕರು ಬಂದರು. ಅಂಗಡಿಗಳಲ್ಲಿ ಆಟಗಳು ರಾಶಿ ಬಿದ್ದವು, ಬೆಲೆ ಕುಸಿಯಿತು. 1983ರಲ್ಲಿ ಅಟಾರಿಯ ನಷ್ಟ 53 ಕೋಟಿ ಡಾಲರ್ ದಾಟಿತು. ಮಾರಾಟವಾಗದ ದಾಸ್ತಾನನ್ನು ನ್ಯೂ ಮೆಕ್ಸಿಕೊ ರಾಜ್ಯದ ಕಸದ ಗುಂಡಿಯೊಂದರಲ್ಲಿ ಹೂಳಲಾಯಿತು. 2014ರಲ್ಲಿ ಅದನ್ನು ಅಗೆದು ಹೊರತೆಗೆದಾಗಲೇ ಬಹುಮಂದಿ ಆ ಮಾತನ್ನು ನಂಬಿದ್ದು.

1985ರಲ್ಲಿ ಅಮೆರಿಕಕ್ಕೆ ಕಾಲಿಟ್ಟ ನಿಂಟೆಂಡೊ ಈ ಪಾಠವನ್ನು ಚೆನ್ನಾಗಿ ಕಲಿತಿತ್ತು. ತನ್ನ ಯಂತ್ರದೊಳಗೆ ಬೀಗದಂತಹ ಒಂದು ಚಿಪ್ ಇರಿಸಿತು. ಜೋಡಿ ಚಿಪ್ ಇಲ್ಲದ ಆಟದ ಡಬ್ಬಿ ಅದರಲ್ಲಿ ನಡೆಯುತ್ತಿರಲಿಲ್ಲ. ಬೇರೆಯವರು ಆಟ ರಚಿಸಿದರೂ ಡಬ್ಬಿಗಳನ್ನು ನಿಂಟೆಂಡೊ ಮೂಲಕವೇ ಮಾಡಿಸಿಕೊಳ್ಳಬೇಕಿತ್ತು, ಹಣವನ್ನು ಮುಂಗಡವಾಗಿ ಕಟ್ಟಬೇಕಿತ್ತು. ಆಟ ಬಿಕರಿಯಾಗದಿದ್ದರೆ ನಷ್ಟ ಅವರದು.

ಬೀಗವಿಲ್ಲದ ವ್ಯಾಪಾರದ ಅನುಭವ ನನಗೂ ಉಂಟು. ಜಿಎಸ್‌ಟಿ ಬಂದ ಮರುವರ್ಷ, ಪೌಚ್ ಸೀಲಿಂಗ್ ಯಂತ್ರ ತಯಾರಿಸುವ ನಮ್ಮ ಗ್ರಾಹಕರೊಬ್ಬರು, ಪ್ರತಿ ಯಂತ್ರವನ್ನು ಅಸಲಿಗಿಂತ ಆರು ಸಾವಿರ ರೂಪಾಯಿ ಕಡಿಮೆಗೆ ಮಾರಿ, ಹೀಟರ್ ಮತ್ತು ಬೆಲ್ಟ್‌ಗಳ ಮಾರಾಟದಿಂದ ಹದಿನೆಂಟು ತಿಂಗಳಲ್ಲಿ ಅದನ್ನು ಮರಳಿ ಪಡೆಯುವ ಯೋಜನೆ ಹಾಕಿದರು. ಬ್ಯಾಂಕಿಗೆ ಯೋಜನಾ ವರದಿ ಸಿದ್ಧಪಡಿಸಿದವನು ನಾನು. ಯಂತ್ರಗಳು ನಿರೀಕ್ಷೆಗೂ ಮೀರಿ ಮಾರಾಟವಾದವು. ಎಂಟೇ ತಿಂಗಳಲ್ಲಿ ಅದೇ ಅಳತೆಯ ಹೀಟರ್, ಬೆಲ್ಟ್‌ಗಳು ಪೇಟೆಯಲ್ಲಿ ಅರ್ಧ ಬೆಲೆಗೆ ದೊರೆಯತೊಡಗಿದವು. ಖರೀದಿಯ ಮೇಲೆ ಕಟ್ಟಿದ ಜಿಎಸ್‌ಟಿ ಹೆಚ್ಚು, ಮಾರಾಟದ ಮೇಲಿನದು ಕಡಿಮೆಯಾಗಿ, ವ್ಯತ್ಯಾಸವೆಲ್ಲ ಕ್ರೆಡಿಟ್ ಖಾತೆಯಲ್ಲೇ ಸಿಕ್ಕಿಕೊಂಡಿತು. ತೆರಿಗೆ ದರದ ವ್ಯತ್ಯಾಸದಿಂದ ಉಂಟಾದುದಲ್ಲವಾದ್ದರಿಂದ ಮರುಪಾವತಿಗೂ ಅವಕಾಶವಿರಲಿಲ್ಲ. ಮಾರಾಟ ಹೆಚ್ಚಿದಷ್ಟೂ ದುಡಿಯುವ ಬಂಡವಾಳ ಕರಗಿತು. ಕೊನೆಗೆ ಅವರು ಮಗಳ ಹೆಸರಿನಲ್ಲಿದ್ದ ನಿವೇಶನವನ್ನು ಮಾರಿ ಸಾಲ ತೀರಿಸಿದರು. ಬಿಡಿಭಾಗಗಳ ಆದಾಯದ ಅಂಕಿಗಳನ್ನು ಅಷ್ಟು ಧೈರ್ಯದಿಂದ ಬರೆಯುವಾಗ, ಅವುಗಳನ್ನು ಬೇರೆಯವರು ತಯಾರಿಸಲಾರರೇ ಎಂದು ನಾನು ಒಮ್ಮೆಯಾದರೂ ಕೇಳಬೇಕಿತ್ತು.

ಬೀಗವಿದ್ದ ಮಾತ್ರಕ್ಕೆ ಕಷ್ಟ ತಪ್ಪಿತೆಂದಲ್ಲ. ಸೋನಿಯ ಪ್ಲೇಸ್ಟೇಷನ್-2 ಈ ಉದ್ಯಮದ ಮಹಾ ಯಶಸ್ಸು. 2000ದಲ್ಲಿ ಹೊರಬಂದ ಅದು 16 ಕೋಟಿ ಸಂಖ್ಯೆಯಲ್ಲಿ ಮಾರಾಟವಾಯಿತು. ಆ ಉತ್ಸಾಹದಲ್ಲಿ 2006ರ ನವೆಂಬರ್‌ನಲ್ಲಿ ಪ್ಲೇಸ್ಟೇಷನ್-3 ಬಂತು. ಹೊಸ ಬಗೆಯ ಸೆಲ್ ಚಿಪ್, ಬ್ಲೂ-ರೇ ಡ್ರೈವ್ ಎರಡೂ ದುಬಾರಿ. ಅಮೆರಿಕದಲ್ಲಿ 599 ಡಾಲರ್‌ಗೆ ಮಾರುತ್ತಿದ್ದ ಮಾದರಿಗೆ ತಗಲುವ ವೆಚ್ಚ ಸುಮಾರು 840 ಡಾಲರ್ ಎಂದು ಐಸಪ್ಲೈ ಸಂಸ್ಥೆಯು ಯಂತ್ರವನ್ನು ಬಿಚ್ಚಿ ಅಂದಾಜು ಮಾಡಿತು. ಬೆಲೆ ಕೇಳಿ ಗ್ರಾಹಕ ಬೆಚ್ಚಿದ, ವೆಚ್ಚ ನೋಡಿ ಕಂಪನಿ ಬೆಚ್ಚಿತು. 2007ರ ಮಾರ್ಚಿಗೆ ಮುಗಿದ ವರ್ಷದಲ್ಲಿ ಸೋನಿಯ ಆಟದ ವಿಭಾಗಕ್ಕೆ 23,230 ಕೋಟಿ ಯೆನ್ ನಷ್ಟ. ಮರುವರ್ಷ 12,450 ಕೋಟಿ.

ಇಲ್ಲಿ ನಮ್ಮ ವೃತ್ತಿಯ ಒಂದು ಸೂಕ್ಷ್ಮವನ್ನು ಹೇಳಬೇಕು. ದಾಸ್ತಾನನ್ನು ಅಸಲು ಬೆಲೆ ಅಥವಾ ಮಾರಿದರೆ ನಿವ್ವಳವಾಗಿ ಕೈಗೆ ಬರುವ ಬೆಲೆ, ಇವೆರಡರಲ್ಲಿ ಕಡಿಮೆಯಾದುದಕ್ಕೆ ಮೌಲ್ಯಮಾಪನ ಮಾಡಬೇಕೆಂಬುದು ನಮ್ಮ ಲೆಕ್ಕಪತ್ರ ಮಾನಕ-2ರ ನಿಯಮ; ಹೊರದೇಶಗಳಲ್ಲೂ ತತ್ತ್ವ ಬಹುಮಟ್ಟಿಗೆ ಇದೇ. ಸಾವಿರ ರೂಪಾಯಿ ಅಸಲಿನ ಯಂತ್ರವನ್ನು ಏಳುನೂರಕ್ಕೆ ಮಾರುವುದೆಂದು ನಿರ್ಧರಿಸಿದರೆ, ವರ್ಷದ ಕೊನೆಯ ದಿನ ಗೋದಾಮಿನಲ್ಲಿರುವ ಪ್ರತಿ ಯಂತ್ರದ ಮೇಲೂ ಕನಿಷ್ಠ ಮುನ್ನೂರು ರೂಪಾಯಿ ನಷ್ಟವನ್ನು ಅಂದೇ ಬರೆಯಬೇಕು. ಮುಂದೆ ಬರಲಿರುವ ಆಟಗಳ ಲಾಭವನ್ನು ಇಂದೇ ಜಮಾ ಹಿಡಿಯುವಂತಿಲ್ಲ. ನಷ್ಟ ಈ ವರ್ಷದ್ದು, ಲಾಭ ಬಂದರೆ ಎಂದೋ ಬರುವಂಥದ್ದು. ನಡುವಿನ ವರ್ಷಗಳನ್ನು ದಾಟಲು ಕೈಯಲ್ಲಿ ಹಣ ಬೇಕು. ಸೋನಿಗೆ ಅದಿತ್ತು. ವೆಚ್ಚ ಇಳಿಯಿತು, 2009ರಲ್ಲಿ ಬೆಲೆ 299 ಡಾಲರ್‌ಗೆ ಬಂತು, ಯಂತ್ರ 8 ಕೋಟಿ 70 ಲಕ್ಷ ದಾಟಿತು.

ಕಾಲ ಕಳೆದಂತೆ ವೆಚ್ಚ ತಾನಾಗಿಯೇ ಇಳಿಯುವುದೆಂದು ನಂಬುವಂತೆಯೂ ಇಲ್ಲ. ಮೈಕ್ರೋಸಾಫ್ಟ್‌ನ ಮೊದಲ ಎಕ್ಸ್‌ಬಾಕ್ಸ್ 2001ರಲ್ಲಿ ಬಂದಾಗ ಅದರ ಮುಖ್ಯ ಚಿಪ್‌ಗಳು ಇಂಟೆಲ್ ಮತ್ತು ಎನ್‌ವಿಡಿಯಾ ಕಂಪನಿಗಳವು. ವಿನ್ಯಾಸದ ಹಕ್ಕು ತನ್ನದಲ್ಲದ್ದರಿಂದ ಅಗ್ಗವಾಗಿ ಮಾಡಿಸಿಕೊಳ್ಳುವ ದಾರಿ ಇರಲಿಲ್ಲ. ಎನ್‌ವಿಡಿಯಾ ಜೊತೆಗಿನ ಬೆಲೆ ವಿವಾದ ಮಧ್ಯಸ್ಥಿಕೆಯವರೆಗೆ ಹೋಯಿತು. 2005ರ ಎಕ್ಸ್‌ಬಾಕ್ಸ್ 360ರಲ್ಲಿ ಆ ತಪ್ಪನ್ನು ತಿದ್ದಿಕೊಂಡರು, ಆದರೆ ಯಂತ್ರಗಳೇ ಕೆಟ್ಟು ನಿಲ್ಲತೊಡಗಿದವು. 2007ರ ಜುಲೈನಲ್ಲಿ ವಾರಂಟಿಯನ್ನು ಮೂರು ವರ್ಷಕ್ಕೆ ವಿಸ್ತರಿಸಿ, 100 ಕೋಟಿ ಡಾಲರ್‌ಗೂ ಮಿಕ್ಕ ಹೊರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಯಿತು. ಎಕ್ಸ್‌ಬಾಕ್ಸ್ ಯಂತ್ರದ ಮಾರಾಟವೊಂದರಿಂದಲೇ ಎಂದೂ ಲಾಭ ಬಂದಿಲ್ಲವೆಂದು ಅದರ ಅಧಿಕಾರಿಯೊಬ್ಬರು 2021ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿದರು. ವಿಂಡೋಸ್ ಮತ್ತು ಆಫೀಸ್‌ಗಳ ಆದಾಯವಿರುವ ಮನೆಯಲ್ಲಿ ಇದು ನಡೆಯುತ್ತದೆ. ಇದೇ ಅವಧಿಯಲ್ಲಿ ನಿಂಟೆಂಡೊ ಸಾಧಾರಣ ಚಿಪ್‌ಗಳಿಂದ ‘ವೀ’ ಯಂತ್ರವನ್ನು ತಯಾರಿಸಿ, 250 ಡಾಲರ್‌ಗೆ ಮೊದಲ ದಿನದಿಂದಲೇ ಲಾಭಕ್ಕೆ ಮಾರಿ, 10 ಕೋಟಿ ದಾಟಿಸಿತೆಂಬುದನ್ನೂ ಮರೆಯಬಾರದು.

ಸೆಗಾದ ಬಳಿ ಬೇರೆ ಆದಾಯದ ಅಂತಹ ಆಸರೆ ಇರಲಿಲ್ಲ. ಡ್ರೀಮ್‌ಕಾಸ್ಟ್ ಬರುವ ಮೊದಲೇ ಅದು ನಷ್ಟದಲ್ಲಿತ್ತು. ದೊಡ್ಡ ಆಟ ತಯಾರಕರಾದ ಎಲೆಕ್ಟ್ರಾನಿಕ್ ಆರ್ಟ್ಸ್‌ನವರು ಅದಕ್ಕೆ ಆಟ ಒದಗಿಸಲಿಲ್ಲ. 2000ದಲ್ಲಿ ಬೀಗವೂ ಮುರಿಯಿತು: ಸಾಮಾನ್ಯ ಸಿ.ಡಿ.ಗೆ ನಕಲು ಮಾಡಿದ ಆಟಗಳು ಆ ಯಂತ್ರದಲ್ಲಿ ನಡೆಯತೊಡಗಿದವು. ಡಿವಿಡಿ ತೋರಿಸಬಲ್ಲ ಪ್ಲೇಸ್ಟೇಷನ್-2 ಬಾಗಿಲಲ್ಲಿ ನಿಂತಿತ್ತು. ಬೆಲೆಯನ್ನು 149 ಡಾಲರ್‌ಗೆ, ಕೊನೆಗೆ ದಾಸ್ತಾನು ಖಾಲಿ ಮಾಡಲು 99ಕ್ಕೆ ಇಳಿಸಿದರು. ಅಧ್ಯಕ್ಷ ಇಸಾವೊ ಒಕಾವಾ ಅವರು ತಾವು ಕಂಪನಿಗೆ ಕೊಟ್ಟಿದ್ದ ಸಾಲವನ್ನು ಬಿಟ್ಟುಕೊಟ್ಟು, ಸುಮಾರು 69 ಕೋಟಿ ಡಾಲರ್ ಮೌಲ್ಯದ ತಮ್ಮ ಷೇರುಗಳನ್ನೂ ದಾನವಾಗಿ ನೀಡಿದರು. 2001ರ ಮಾರ್ಚ್‌ನಲ್ಲಿ ತೀರಿಕೊಂಡರು. ಆ ಹಣದಿಂದ ಕಂಪನಿ ಉಳಿಯಿತು, ಯಂತ್ರ ಉಳಿಯಲಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ಸೆಗಾದ ಪ್ರಸಿದ್ಧ ‘ಸೋನಿಕ್’ ಆಟವು ಬಹುಕಾಲದ ಎದುರಾಳಿ ನಿಂಟೆಂಡೊದ ಯಂತ್ರಗಳಿಗೆ ಬಂದಿತು. ರಾಯಧನ ಪಡೆಯುತ್ತಿದ್ದವರು ಅಂದಿನಿಂದ ರಾಯಧನ ಕಟ್ಟುವವರಾದರು.