ಬಸ್ಸು ಹತ್ತಿ ಹೋಗುವ ನಾಯಕ

ಊರಿಗೆ ಅಪರಿಚಿತನೊಬ್ಬ ಬಂದಿಳಿಯುತ್ತಾನೆ. ಆರಡಿ ಐದು ಅಂಗುಲದ ದೈತ್ಯ ದೇಹ. ಕೈಯಲ್ಲಿ ಚೀಲವಿಲ್ಲ, ಕಿಸೆಯಲ್ಲಿ ಮಡಚುವ ಟೂತ್‌ಬ್ರಷ್ ಒಂದಿದೆ. ಬಟ್ಟೆ ಕೊಳೆಯಾದರೆ ಎಸೆದು ಅಗ್ಗದ ಹೊಸ ಬಟ್ಟೆ ಕೊಳ್ಳುತ್ತಾನೆ. ಆ ಊರಿನಲ್ಲಿ ಬಡವರನ್ನು, ಅಸಹಾಯಕರನ್ನು ಕಾಡುವವರಿದ್ದರೆ ಅವರನ್ನು ಬಗ್ಗುಬಡಿದು ಮತ್ತೆ ಬಸ್ಸು ಹತ್ತುತ್ತಾನೆ. ಇವನೇ ಜ್ಯಾಕ್ ರೀಚರ್. ಅಮೆರಿಕದ ಸೈನ್ಯದ ಪೊಲೀಸ್ ವಿಭಾಗದಲ್ಲಿ ಮೇಜರ್ ಆಗಿದ್ದು ಹೊರಬಂದವನು. ನಿಮ್ಮ ಮನೆಯ ಕಾಲೇಜು ಮಕ್ಕಳು ಈ ಇಂಗ್ಲಿಷ್ ಕಾದಂಬರಿಗಳನ್ನು ಓದಿರಬಹುದು, ಇಲ್ಲವೇ ಅವುಗಳ ಧಾರಾವಾಹಿಯನ್ನು ಮೊಬೈಲಿನಲ್ಲಿ ನೋಡಿರಬಹುದು.

ಇವನನ್ನು ಸೃಷ್ಟಿಸಿದ ಲೀ ಚೈಲ್ಡ್ 1954ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವರು. ನಿಜವಾದ ಹೆಸರು ಜಿಮ್ ಗ್ರಾಂಟ್. ಮ್ಯಾಂಚೆಸ್ಟರಿನ ಟಿವಿ ಸಂಸ್ಥೆಯೊಂದರಲ್ಲಿ ಬಹುಕಾಲ ದುಡಿದು 1995ರಲ್ಲಿ ಕೆಲಸ ಕಳೆದುಕೊಂಡಾಗ ಕಾಗದ, ಪೆನ್ಸಿಲ್ ಕೊಂಡು ಬರೆಯಲು ಕುಳಿತರು. ಮೊದಲ ಕಾದಂಬರಿ 'ಕಿಲ್ಲಿಂಗ್ ಫ್ಲೋರ್' 1997ರಲ್ಲಿ ಬಂತು. ನಾಯಕನ ಹೆಸರಿನ ಹಿಂದೆ ಅವರ ಪತ್ನಿಯ ಮಾತಿದೆ. ಅಂಗಡಿಯಲ್ಲಿ ವೃದ್ಧೆಯೊಬ್ಬರಿಗೆ ಎತ್ತರದ ಕಪಾಟಿನಿಂದ ಸಾಮಾನು ತೆಗೆದುಕೊಟ್ಟಾಗ, ಬರವಣಿಗೆ ಕೈಕೊಟ್ಟರೂ ಹೀಗೆ ಕೈಗೆಟುಕಿಸಿ ಕೊಡುವ ಕೆಲಸವಾದರೂ ಸಿಗುತ್ತದೆ ಎಂದು ಆಕೆ ತಮಾಷೆ ಮಾಡಿದರಂತೆ.

ಈ ಪುಸ್ತಕಗಳನ್ನು ಮಹಿಳೆಯರೂ ದೊಡ್ಡ ಸಂಖ್ಯೆಯಲ್ಲಿ ಓದುತ್ತಾರೆ. ಹೊಡೆದಾಟದ ಕಥೆ ಅವರಿಗೇಕೆ ಹಿಡಿಸುತ್ತದೆ? ಮೆಚ್ಚುವವರು ಎರಡು ಕಾರಣ ಕೊಡುತ್ತಾರೆ. ಒಂದು, ನ್ಯಾಯ ಸಿಗುವ ಭರವಸೆ. ಬದುಕಿನಲ್ಲಿ ದೂರು ಕೊಟ್ಟು ವರ್ಷಗಟ್ಟಲೆ ಕಾಯಬೇಕು. ಇಲ್ಲಿ ಕೊನೆಯ ಪುಟ ಮುಗಿಯುವುದರೊಳಗೆ ದುಷ್ಟನಿಗೆ ಶಿಕ್ಷೆ ಖಚಿತ. ಇನ್ನೊಂದು, ಹೊರೆಯಿಲ್ಲದ ಬದುಕು. ಪಾತ್ರೆ, ಬಟ್ಟೆ, ಕರೆಂಟ್ ಬಿಲ್ಲುಗಳ ನಡುವೆ ದಿನ ಕಳೆಯುವವರಿಗೆ ಬೀಗದ ಕೈಯೂ ಇಲ್ಲದ ಮನುಷ್ಯನನ್ನು ಕಂಡರೆ ಆಸೆಯಾಗದೇ?

ಆಕ್ಷೇಪಗಳೂ ಕಡಿಮೆಯಿಲ್ಲ. ಎಲ್ಲ ಕಥೆಗಳೂ ಒಂದೇ ಅಚ್ಚಿನವು ಎನ್ನುತ್ತಾರೆ ಕೆಲವರು. ರಕ್ತಪಾತ ಅತಿಯಾಯಿತು, ಹೆಣ್ಣಿನೊಡನೆ ಅವನ ನಂಟು ಕೆಲವೇ ದಿನಗಳದ್ದು ಎನ್ನುತ್ತಾರೆ ಇನ್ನು ಕೆಲವರು. 2012ರ ಸಿನಿಮಾದಲ್ಲಿ ಗಿಡ್ಡ ಮೈಕಟ್ಟಿನ ಟಾಮ್ ಕ್ರೂಸ್ ಈ ಪಾತ್ರ ಮಾಡಿದಾಗ ಓದುಗರು ಸಿಟ್ಟಾದರು. 2022ರ ಧಾರಾವಾಹಿಯಲ್ಲಿ ಭಾರೀ ಮೈಕಟ್ಟಿನ ಅಲನ್ ರಿಚ್ಸನ್ ಬಂದಾಗ ಸಮಾಧಾನಗೊಂಡರು. 2020ರಿಂದ ತಮ್ಮ ಆಂಡ್ರ್ಯೂ ಜೊತೆಗೂಡಿ ಬರೆಯತೊಡಗಿದ ಮೇಲೆ, ರೀಚರ್ ಮೊದಲಿನಂತಿಲ್ಲ ಎಂಬ ಕೊರಗೂ ಕೇಳಿಬಂತು.

ಆದರೆ ದೊಡ್ಡ ಪ್ರಶ್ನೆ ಬೇರೆಯೇ ಇದೆ. ಅಪರಾಧಿ ಯಾರೆಂದು ತೀರ್ಮಾನಿಸುವವನೂ ಅವನೇ, ಶಿಕ್ಷಿಸುವವನೂ ಅವನೇ. ಕಥೆಗಾರ ಅವನನ್ನು ತಪ್ಪಲು ಬಿಡುವುದಿಲ್ಲ, ಆದ್ದರಿಂದ ನಮಗೆ ಅಳುಕಾಗುವುದಿಲ್ಲ. ನಿಜ ಜೀವನದಲ್ಲಿ ಅನುಮಾನದ ಮೇಲೆಯೇ ಗುಂಪು ಸೇರಿ ಹೊಡೆಯುವವರೂ ತಮ್ಮನ್ನು ನ್ಯಾಯವಂತರೆಂದೇ ಭಾವಿಸಿರುತ್ತಾರಲ್ಲವೇ? ಮಕ್ಕಳು ಇಂಥ ಪುಸ್ತಕ ಓದುವಾಗ ಕಿತ್ತುಕೊಳ್ಳುವುದಕ್ಕಿಂತ ಈ ಪ್ರಶ್ನೆಯನ್ನು ಅವರ ಮುಂದಿಡುವುದು ಲೇಸು.

ಇದೇ ಮಾಲೆಯ 'ದಿ ಎನಿಮಿ' (2004) ಎಂಬ ಕಾದಂಬರಿಯಲ್ಲಿ ಒಂದು ಅಪರೂಪದ ಸಂಗತಿಯಿದೆ. ರೀಚರನ ತಾಯಿ ಫ್ರಾನ್ಸಿನವಳು. ಆಕೆ ತೀರಿಕೊಂಡ ಬಳಿಕ ಮಗನಿಗೆ ಗೊತ್ತಾಗುತ್ತದೆ: ಎರಡನೇ ಮಹಾಯುದ್ಧದಲ್ಲಿ, ಹದಿಮೂರರ ಶಾಲಾ ಹುಡುಗಿಯಾಗಿದ್ದಾಗ, ಆಕೆ ಶತ್ರುಗಳ ಕಣ್ತಪ್ಪಿಸಿ ಸೈನಿಕರನ್ನು ಪಾರುಮಾಡುತ್ತಿದ್ದಳು. ಆ ಗುಟ್ಟು ಕಾಯಲು ಒಂದು ಜೀವವನ್ನೂ ತೆಗೆಯಬೇಕಾಗಿ ಬಂದಿತ್ತು. ಇದನ್ನು ಆಕೆ ಮಕ್ಕಳಿಗೆ ಎಂದೂ ಹೇಳಿರಲಿಲ್ಲ.

ಮಗ ಕೆಲಸ ಮುಗಿಸಿ ಬಸ್ಸು ಹತ್ತುತ್ತಾನೆ. ತಾಯಿಗೆ ಆ ಬಸ್ಸು ಇರಲಿಲ್ಲ. ಆಕೆ ಮನೆಗೆ ಮರಳಿದಳು, ದೊಡ್ಡವಳಾಗಿ ಸಂಸಾರ ಹೂಡಿದಳು, ಎರಡು ಮಕ್ಕಳನ್ನು ಬೆಳೆಸಿದಳು, ಆ ಭಾರವನ್ನು ಕೊನೆಯವರೆಗೂ ಹೊತ್ತಳು. ಈ ಇಬ್ಬರಲ್ಲಿ ಹೆಚ್ಚಿನ ಧೈರ್ಯ ಯಾರದ್ದು? ಉತ್ತರವನ್ನು ನೀವೇ ಹೇಳಿ.