ಮೇಳ ನಿಂತರೂ ಹೆಣಿಗೆ ನಿಲ್ಲಬೇಕಿಲ್ಲ

"ಡಾಕ್ಟರೇ, ಹಾಲಿನ ಪಾತ್ರೆ ಇಳಿಸಲೂ ಆಗುತ್ತಿಲ್ಲ. ಹೆಬ್ಬೆರಳಿನ ಬುಡದಲ್ಲಿ ಚಳಕು ಹೊಡೆದಂತಾಗುತ್ತದೆ."

2020ರ ಕೊನೆಯಲ್ಲಿ ಹೀಗೆನ್ನುತ್ತ ನನ್ನ ಬಳಿ ಬಂದವರು ಅರವತ್ತು ದಾಟಿದ ಒಬ್ಬ ನಿವೃತ್ತ ಶಿಕ್ಷಕಿ. ಮಗಳ ಬಾಣಂತನಕ್ಕೆಂದು ಆ ವರ್ಷದ ಆರಂಭದಲ್ಲಿ ಅಮೆರಿಕದ ಮೇರಿಲ್ಯಾಂಡ್‌ಗೆ ಹೋಗಿದ್ದರು. ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ವಿಮಾನಗಳು ನಿಂತವು. ಯಜಮಾನರು ಮೈಸೂರಿನಲ್ಲಿ ಒಬ್ಬರೇ, ಇವರು ಅಲ್ಲಿ.

ಮೇರಿಲ್ಯಾಂಡ್‌ನಲ್ಲಿ ಪ್ರತಿ ವರ್ಷ ಮೇ ತಿಂಗಳ ಮೊದಲ ವಾರಾಂತ್ಯದಲ್ಲಿ ಕುರಿ ಮತ್ತು ಉಣ್ಣೆಯ ದೊಡ್ಡ ಮೇಳ ನಡೆಯುತ್ತದೆ. ಉಣ್ಣೆ ಕತ್ತರಿಸುವುದು, ನೂಲುವುದು, ಬಣ್ಣಬಣ್ಣದ ನೂಲಿನ ಮಾರಾಟ, ಎಲ್ಲವೂ ಅಲ್ಲಿರುತ್ತವೆ. ಅಮ್ಮನನ್ನು ಕರೆದೊಯ್ಯುವುದಾಗಿ ಮಗಳು ಮಾತು ಕೊಟ್ಟಿದ್ದಳು. ಆದರೆ 2020ರಲ್ಲಿ ಜನ ಸೇರುವ ಮೇಳವೇ ರದ್ದಾಯಿತು. ಟಿ.ವಿ.ಯಲ್ಲಿ ಸಾವಿನ ಸುದ್ದಿ, ಮನಸ್ಸಿನಲ್ಲಿ ಊರಿನ ಚಿಂತೆ. ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ.

ಕೊನೆಗೆ ಮಗಳು ಅಂಚೆಯಲ್ಲಿ ನೂಲು, ಕಡ್ಡಿ ತರಿಸಿಕೊಟ್ಟಳು. ಹೈಸ್ಕೂಲಿನಲ್ಲಿ ಕಲಿತ ಹೆಣಿಗೆ ಕೈಗೆ ಮರಳಿತು. ಮೊಮ್ಮಗುವಿಗೆ ಟೋಪಿ, ಕಾಲುಚೀಲ, ಸ್ವೆಟರ್. "ಕುಣಿಕೆ ಎಣಿಸುವಾಗ ಬೇರೆ ಯೋಚನೆಯೇ ಬರುತ್ತಿರಲಿಲ್ಲ. ನಿದ್ದೆಯೂ ಬರತೊಡಗಿತು" ಎಂದರು.

ಕೈ ಪರೀಕ್ಷಿಸಿದ ನಾನು, ಅಭ್ಯಾಸಬಲದಿಂದ, "ಇನ್ನು ಹೆಣೆಯುವುದನ್ನು ಬಿಟ್ಟುಬಿಡಿ" ಎಂದೆ. ಅವರ ಮುಖ ಬಾಡಿತು. ನಾನು ಅವಸರಪಟ್ಟಿದ್ದೆ.

ಹೆಣಿಗೆ ಏಕೆ ಹಿತ?

ಒಂದೇ ಲಯದಲ್ಲಿ ಕೈಯಾಡುವಾಗ ಗಮನ ಒಂದೆಡೆ ನಿಲ್ಲುತ್ತದೆ. ಚಿಂತೆಗೆ ಬಿಡುವು ಸಿಗುತ್ತದೆ. ಸಂಜೆಗೆ ನಾಲ್ಕು ಬೆರಳು ಬಟ್ಟೆ ಬೆಳೆದದ್ದು ಕಣ್ಣಿಗೆ ಕಾಣುತ್ತದೆ. ಮೂರೂವರೆ ಸಾವಿರಕ್ಕೂ ಹೆಚ್ಚು ಹೆಣಿಗೆಗಾರರನ್ನು ಕೇಳಿ 2013ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ, ಹೆಚ್ಚು ಬಾರಿ ಹೆಣೆಯುವವರು ಹೆಚ್ಚು ಶಾಂತಿ, ಸಂತೋಷ ಅನುಭವಿಸುವುದಾಗಿ ಹೇಳಿದ್ದರು. ಹೆಣಿಗೆಯಿಂದ ರೋಗ ವಾಸಿಯಾಗುತ್ತದೆ ಎಂದು ಇದರ ಅರ್ಥವಲ್ಲ. ಆದರೂ ಕಾರಣವಿಲ್ಲದೆ ಬಿಡಿಸಬೇಕಾದ ಚಟವೂ ಇದಲ್ಲ.

ನೋವು ಏಕೆ ಬಂತು?

ಹೆಬ್ಬೆರಳನ್ನು ಎತ್ತುವ ಎರಡು ಸ್ನಾಯುರಜ್ಜುಗಳು ಮಣಿಕಟ್ಟಿನ ಬಳಿ ಇಕ್ಕಟ್ಟಾದ ಕೊಳವೆಯೊಂದರಲ್ಲಿ ಹಾಯುತ್ತವೆ. ಅತಿ ಬಳಕೆಯಿಂದ ಅದರ ಗೋಡೆ ದಪ್ಪವಾಗಿ, ರಜ್ಜುಗಳು ಉಜ್ಜಿ ನೋಯುತ್ತವೆ. 1895ರಲ್ಲಿ ಇದನ್ನು ವಿವರಿಸಿದ ಸ್ವಿಸ್ ಶಸ್ತ್ರವೈದ್ಯ ಡಿ ಕ್ವೆರ್ವೇನ್ ಅವರ ಹೆಸರೇ ಈ ಕಾಯಿಲೆಗೆ ಬಂದಿದೆ. ಮಗುವಿನ ಕಂಕುಳಿಗೆ ಕೈ ಕೊಟ್ಟು ಪದೇಪದೇ ಎತ್ತುವವರಲ್ಲಿ ಇದು ಸಾಮಾನ್ಯ. ನಮ್ಮ ಅಜ್ಜಿ ದಿನವಿಡೀ ಮಗುವನ್ನು ಎತ್ತಿದ್ದರು. ಮಗು ಮಲಗಿದಾಗ ಐದಾರು ಗಂಟೆ ಹೆಣೆದಿದ್ದರು. ತಪ್ಪು ಹೆಣಿಗೆಯದಲ್ಲ, ಕೈಗೆ ಬಿಡುವಿಲ್ಲದ್ದು.

ಮೂರು ವಾರ ಹೆಬ್ಬೆರಳಿಗೆ ಸ್ಪ್ಲಿಂಟ್ ಎಂಬ ಆಸರೆ ಪಟ್ಟಿ ಹಾಕಿಸಿ, ಮಂಜುಗಡ್ಡೆಯ ಶಾಖ ಹೇಳಿದೆ. ಆಮೇಲೆ ದಿನಕ್ಕೆ ಕಾಲು ಗಂಟೆಯಿಂದ ಮತ್ತೆ ಆರಂಭ. ನೋವು ಇಳಿಯಿತು. ಇಳಿಯದಿದ್ದರೆ ಚುಚ್ಚುಮದ್ದು, ಅಪರೂಪಕ್ಕೆ ಸಣ್ಣ ಶಸ್ತ್ರಚಿಕಿತ್ಸೆ ಇವೆ.

ಮನೆಯಲ್ಲಿ ಹೆಣೆಯುವವರಿಗೆ

* ಇಪ್ಪತ್ತು-ಮೂವತ್ತು ನಿಮಿಷಕ್ಕೊಮ್ಮೆ ಕಡ್ಡಿ ಕೆಳಗಿಡಿ. ಬೆರಳು ಅಗಲಿಸಿ ಮಡಚಿ, ಎದ್ದು ನಾಲ್ಕು ಹೆಜ್ಜೆ ನಡೆಯಿರಿ.

* ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಕೂಡಿ. ಮೊಣಕೈ ಕೆಳಗೆ ದಿಂಬಿರಲಿ. ಶಾಲಿನ ಭಾರ ಮಣಿಕಟ್ಟಿನ ಮೇಲಲ್ಲ, ತೊಡೆಯ ಮೇಲಿರಲಿ.

* ಕಡ್ಡಿಯನ್ನು ಬಿಗಿಯಾಗಿ ಹಿಡಿಯಬೇಡಿ.

* ನಲವತ್ತು ದಾಟಿದವರು ಓದುವ ಕನ್ನಡಕ ಹಾಕಿ, ಒಳ್ಳೆಯ ಬೆಳಕಿನಲ್ಲಿ ಹೆಣೆಯಿರಿ. ಕಪ್ಪು ನೂಲನ್ನು ಹಗಲಿಗೆ ಇಟ್ಟುಕೊಳ್ಳಿ.

* ಮಗುವಿನ ಕಾಲುಚೀಲದ ಒಳಗೆ ಬಿಡಿ ಎಳೆ ಉಳಿಯದಂತೆ ನೋಡಿ. ಅದು ಪುಟ್ಟ ಬೆರಳಿಗೆ ಸುತ್ತಿಕೊಂಡು ರಕ್ತಸಂಚಾರ ನಿಲ್ಲಿಸಬಲ್ಲದು. ಮಗು ಮಲಗಿರುವಾಗ ಟೋಪಿ ತೆಗೆಯಿರಿ.

ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ರಾತ್ರಿ ಎಚ್ಚರವಾಗುತ್ತಿದ್ದರೆ ಅದು ನರ ಒತ್ತಿಹೋದ ಲಕ್ಷಣವಿರಬಹುದು. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ ಇರುವವರಲ್ಲಿ ಇದು ಹೆಚ್ಚು, ವೈದ್ಯರಿಗೆ ತೋರಿಸಿ. ಹಾಗೆಯೇ ಎರಡು ವಾರ ಮೀರಿ ಬೇಸರ, ನಿದ್ರಾಹೀನತೆ ಕಾಡುತ್ತಿದ್ದರೆ ಹೆಣಿಗೆಯೊಂದನ್ನೇ ನೆಚ್ಚಿಕೊಳ್ಳಬೇಡಿ. ಅದಕ್ಕೂ ಚಿಕಿತ್ಸೆಯಿದೆ.

ಆ ಮೇಳ 2022ರಲ್ಲಿ ಮತ್ತೆ ಜನರೊಂದಿಗೆ ನಡೆಯಿತು. ನಮ್ಮ ಶಿಕ್ಷಕಿಗೆ ಹೋಗಲಾಗಲಿಲ್ಲ. ಆದರೆ ಶನಿವಾರ ಸಂಜೆ ಅವರ ಜಗಲಿಯಲ್ಲಿ ನೆರೆಯ ಇಬ್ಬರು ಕಡ್ಡಿ ಹಿಡಿದು ಕೂಡುತ್ತಾರಂತೆ. ನಡುವೆ ಕಾಫಿ. "ಕಾಫಿಗೆ ಎದ್ದಾಗ ಕೈಗೂ ವಿಶ್ರಾಂತಿ ಡಾಕ್ಟರೇ" ಎಂದರು. ನಾನು ಚೀಟಿಯಲ್ಲಿ ಬರೆಯದ ಔಷಧಿಯನ್ನು ಅವರೇ ಕಂಡುಕೊಂಡಿದ್ದರು.